ಎಸ್ತೇರವ್ವನ ಉಪವಾಸ

ಹಿರೇಮಡ್ಡಿ,
ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ,
ಇಸವಿ ಎರಡು ಸಾವಿರದ ನೂರ ತೊಂಬತ್ತೆಂಟು

ಎಸ್ತೇರಜ್ಜಿಗೆ ತಬಿತಾ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿದು ಹಾಕಬೇಡ. ನಿನ್ನ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು ಇದ್ದವೆಂದು ನನಗೂ ಗೊತ್ತು. ಬಿಸಿಲು ಮಿತಿಮೀರಿದ ಮೇಲೆ ನಮ್ಮ ಹಿರಿಯರು ಏಪ್ರಿಲಿನಿಂದ ಒಂದಿಷ್ಟು, ಮೇ ತಿಂಗಳಿಂದ ಒಂದಿಷ್ಟು ದಿನ ಕಿತ್ತು ನಡುವೆ ಇನ್ನೊಂದು ತಿಂಗಳು ಮಾಡಿದರು. ಅದಕ್ಕೆ ಒಳಮಾಸ ಎನ್ನುತ್ತೇವೆ, ನಡುವೆ ಬಂದರೂ ಕಡೆಗೆ ಸೇರಿಸಿದ್ದರಿಂದ ಲೆಕ್ಕದಲ್ಲಿ ಅದು ಹದಿಮೂರನೆಯದು. ಆ ತಿಂಗಳು ಹಗಲಿನಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ. ಈಗ ಅದೇ ನಡೆದಿದೆ. ನನ್ನ ಮಾತಿನ ರೀತಿಯೂ ನಿನಗೆ ವಿಚಿತ್ರವಾಗಿ ಕೇಳಿಸಬಹುದು. ನಾವು ಈಗ ಆಡುವ ಕನ್ನಡದಲ್ಲಿ ಬರೆದರೆ ನಿನಗೆ ಅರ್ಧ ತಿಳಿಯುವುದಿಲ್ಲ. ಅದಕ್ಕೇ ನಿನ್ನ ಕಾಲದ ಪುಸ್ತಕಗಳ ಕನ್ನಡವನ್ನು ಹಿಡಿದುಕೊಂಡು, ಬಿಗಿ ಚಪ್ಪಲಿ ಹಾಕಿಕೊಂಡವಳ ಹಾಗೆ ನಡೆಯುತ್ತಿದ್ದೇನೆ. ಎಡವಿದರೆ ಕ್ಷಮಿಸು.

ಇನ್ನೊಂದು ಕ್ಷಮೆಯೂ ಬೇಕು. ನೀನು ಈ ಕಾಗದ ಓದುವಾಗ ನಿನಗೆ ನಲವತ್ತಾರೋ ನಲವತ್ತೇಳೋ ಇರಬೇಕು, ನನಗೆ ಎಪ್ಪತ್ತೆರಡು. ಆದರೂ ನಿನ್ನನ್ನು ಅಜ್ಜಿ ಎನ್ನುತ್ತಿದ್ದೇನೆ, ಏಕವಚನದಲ್ಲೇ ಮಾತಾಡುತ್ತಿದ್ದೇನೆ. ಹುಟ್ಟಿದಾಗಿನಿಂದ ಹಾಗೆ ಕರೆದು ರೂಢಿ. ಊರಿಗೆ ಊರೇ ನಿನ್ನನ್ನು ಅಜ್ಜಿ ಎನ್ನುತ್ತದೆ. ಸಿಟ್ಟು ಬಂದರೆ ಒಂದು ಸಲ ಬೈದುಬಿಡು, ಬೈಸಿಕೊಳ್ಳುವುದಕ್ಕೂ ನನಗೆ ಆಸೆಯಿದೆ.

ಈ ಕಾಗದ ನಿನ್ನನ್ನು ಮುಟ್ಟುವುದು ಹಿಂದಂಚೆಯಿಂದ. ಎಪ್ಪತ್ತು ದಾಟಿದವರಿಗೆ ಜೀವನದಲ್ಲಿ ಒಂದು ಸಲ, ಹಿಂದಿನ ಕಾಲದ ಯಾರಿಗಾದರೂ ಒಂದು ಕಾಗದ ಬರೆಯುವ ಹಕ್ಕು ನಮ್ಮಲ್ಲಿದೆ. ತಲುಪುತ್ತದೆಯೋ ಇಲ್ಲವೋ, ಅದನ್ನು ಅಂಚೆಯವರೂ ಹೇಳುವುದಿಲ್ಲ. ಉತ್ತರವಂತೂ ಬರುವುದೇ ಇಲ್ಲ. ಬಹಳ ಜನ ಸತ್ತ ಗಂಡನಿಗೋ ಹೆತ್ತ ತಾಯಿಗೋ ಬರೆಯುತ್ತಾರೆ. ನಾನೂ ನನ್ನ ಅವ್ವನಿಗೆ ಬರೆಯಬೇಕೆಂದು ಎರಡು ವರ್ಷದಿಂದ ಇಟ್ಟುಕೊಂಡಿದ್ದೆ. ಈ ಹೊತ್ತು ಬೆಳಿಗ್ಗೆ ಮನಸ್ಸು ಬದಲಾಯಿತು. ಅವ್ವ ಬೇಜಾರು ಮಾಡಿಕೊಳ್ಳುವುದಿಲ್ಲ, ಅವಳಿಗೂ ನಿನ್ನ ಮೇಲೆ ಜೀವ.

ಕಾರಣ ಹೇಳುತ್ತೇನೆ. ನನ್ನ ಮೊಮ್ಮಗಳು ಸೋನೆ ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ನಮ್ಮಲ್ಲಿ ಈಗೀಗ ಮಕ್ಕಳಿಗೆ ಮಳೆಯ ಹೆಸರು ಇಡುತ್ತೇವೆ, ಬಾರದ ಮಳೆಯನ್ನು ಹೀಗಾದರೂ ಬಾಯ್ತುಂಬ ಕರೆಯೋಣವೆಂದು. ಚೊಚ್ಚಲ ಹೆರಿಗೆ. ನಿನ್ನೆ ಸಂಜೆಯಿಂದ ನೋವು ಬರುತ್ತದೆ, ಹೋಗುತ್ತದೆ, ಕೂಸು ಮಾತ್ರ ಬರುತ್ತಿಲ್ಲ. ಈಗ ಮಧ್ಯಾಹ್ನ. ಇಷ್ಟು ಹೊತ್ತೂ ಅವಳ ಹೊಟ್ಟೆಗೆ ಏನೂ ಹೋಗಿಲ್ಲ. ಮೊದಲೇ ಹುಲ್ಲುಕಡ್ಡಿಯಂಥ ಹುಡುಗಿ. ತುಟಿ ಒದ್ದೆ ಮಾಡುವುದಕ್ಕೆ ಒಂದು ತೇವದ ಬಟ್ಟೆ ಕೊಟ್ಟಿದ್ದಾರೆ, ಅಷ್ಟೇ. ಯಾಕೆ ಗೊತ್ತೇ? ನಿನ್ನ ಹೆಸರಿನ ಉಪವಾಸ.

ನೀನು ಕಣ್ಣು ಅರಳಿಸಿದ್ದು ನನಗೆ ಇಲ್ಲಿಂದಲೇ ಕಾಣುತ್ತದೆ. ತಡಿ, ಪೂರ್ತಿ ಹೇಳುತ್ತೇನೆ.

ನಮ್ಮ ಊರು ನೀನು ಬಿಟ್ಟ ಜಾಗದಲ್ಲೇ ಇದೆ, ಆದರೆ ನೆಲದೊಳಕ್ಕೆ ಇಳಿದಿದೆ. ಮನೆಗಳನ್ನು ಅರ್ಧ ಅಗೆದು ಕಟ್ಟಿದ್ದೇವೆ, ಮೇಲೆ ಮಣ್ಣಿನ ಮಾಡು. ಮನೆಯಿಂದ ಮನೆಗೆ ಮುಚ್ಚಿದ ಓಣಿ. ಗುಡ್ಡದ ಮೇಲೆ ಇಬ್ಬನಿಬಲೆ ಕಟ್ಟಿದ್ದೇವೆ. ಚಳಿಗಾಲದ ಬೆಳಗಿನಲ್ಲಿ ಅದು ಹಿಡಿದ ನೀರನ್ನು ವರ್ಷವೆಲ್ಲ ಕುಡಿಯುತ್ತೇವೆ. ಜೋಳ, ಸಜ್ಜೆ, ನವಣೆ ಇವೆ. ಅಕ್ಕಿಯನ್ನು ನಾನು ಎರಡು ಸಲ ತಿಂದಿದ್ದೇನೆ, ಎರಡು ಸಲವೂ ಜ್ವರ ಬಂದಾಗ. ಡಾಕ್ಟರು ಗೋಡೆಯಲ್ಲಿ ಕಾಣಿಸಿಕೊಂಡು ಮಾತಾಡುತ್ತಾರೆ, ದೊಡ್ಡ ಆಸ್ಪತ್ರೆ ದೂರ, ಒಳಮಾಸದ ಹಗಲಿನಲ್ಲಿ ಯಾವ ಗಾಡಿಯೂ ಹೊರಡುವುದಿಲ್ಲ. ಗೋಡೆಯ ಡಾಕ್ಟರು ಬೆಳಿಗ್ಗೆಯೂ ಹೇಳಿದರು, ಇವಳಿಗೆ ಗಂಜಿ ಕುಡಿಸಿ, ನೀರು ಕೊಡಿ, ಶಕ್ತಿ ಬೇಕು ಎಂದು. ನಮ್ಮ ಹೆಂಗಸರು ಆಗಲಿರೀ ಡಾಕ್ಟ್ರ ಎಂದು ತಲೆಯಾಡಿಸಿದರು. ಗೋಡೆ ಕಪ್ಪಾದ ಮೇಲೆ ಕುಡಿಸಲಿಲ್ಲ.

ಯಾಕೆಂದರೆ ಈ ಊರಿನಲ್ಲಿ ನಿನ್ನಷ್ಟು ದೊಡ್ಡವರು ಯಾರೂ ಇಲ್ಲ. ಗುಡಿಯವರು, ಮಸೀದಿಯವರು, ಚರ್ಚಿನವರು, ಮಠದವರು ಎಲ್ಲರೂ ನೀನು ತಮ್ಮವಳೆನ್ನುತ್ತಾರೆ. ನೀನು ಯಾರನ್ನೂ ಚರ್ಚಿಗೆ ಬಾ ಎಂದು ಕರೆದವಳಲ್ಲವಂತೆ, ಆದರೂ ಪ್ರೀತಿಗೆ ಜನ ಮಕ್ಕಳಿಗೆ ನಿಮ್ಮ ಕಡೆಯ ಹೆಸರು ಇಟ್ಟರು. ನಮ್ಮ ಒಂದೇ ಮನೆಯಲ್ಲಿ ಫಕೀರವ್ವ, ಸಾರಾ, ತಬಿತಾ ಎಲ್ಲ ಆಗಿ ಹೋಗಿದ್ದೇವೆ. ಚೌಕದಲ್ಲಿ ನಿನ್ನದೊಂದು ಚಿತ್ರ ಇದೆ. ಅದರಲ್ಲಿ ನೀನು ಬತ್ತಿ ಹೋಗಿದ್ದೀ. ಕೆನ್ನೆಗಳು ಒಳಗೆ ಹೋಗಿವೆ, ಕೊರಳ ಎಲುಬು ಎಣಿಸಬಹುದು, ಕಣ್ಣು ಮೇಲಕ್ಕೆ. ಕೆಳಗೆ ‘ಉಣ್ಣದೆ ಊರು ಕಾಯ್ದ ತಾಯಿ’ ಎಂದು ಬರೆದಿದ್ದಾರೆ. ಯಾರಿಗಾದರೂ ಹೆರಿಗೆ ನೋವು ಬಂತೆಂದರೆ ಚೌಕದ ಗಂಟೆ ಹೊಡೆಯುತ್ತಾರೆ. ಆ ಓಣಿಯ ಒಲೆಯೆಲ್ಲ ಆರುತ್ತದೆ. ಕೂಸು ಹುಟ್ಟಿ, ಹೆಂಗಸರ ಪ್ರಾರ್ಥನೆ ಮುಗಿದು, ಮರುದಿನ ಸೂರ್ಯ ಹುಟ್ಟುವ ತನಕ ಯಾರೂ ಉಣ್ಣುವುದಿಲ್ಲ. ಹೆರುವವಳೂ ಉಣ್ಣುವುದಿಲ್ಲ. ಚಿಕ್ಕ ಮಕ್ಕಳಿಗೆ, ನನ್ನಂಥ ಎಪ್ಪತ್ತು ದಾಟಿದವರಿಗೆ ಮಾತ್ರ ಮಾಫಿ.

ನಾನು ಹುಡುಗಿಯಾಗಿದ್ದಾಗ ಆ ಚಿತ್ರದ ಮುಂದೆ ನಿಂತು ಕೈ ಮುಗಿದೆ. ನನ್ನ ಅಜ್ಜಿ, ಸಾರಜ್ಜಿ, ನನ್ನ ತಲೆಗೆ ಮೊಟಕಿ ನಕ್ಕಳು. ‘ಇದು ಎಸ್ತೇರವ್ವ ಅಲ್ಲೇಳವಾ. ಎಸ್ತೇರವ್ವ ಗುಂಡಗ ಇದ್ದಳಂತ. ನಕ್ಕರ ಹೊಟ್ಟಿ ಕುಣೀತಿತ್ತಂತ. ನಮ್ಮ ಫಕೀರಜ್ಜಿ ಕಣ್ಣಾರೆ ಕಂಡಾಕಿ.’ ಫಕೀರಜ್ಜಿಯೆಂದರೆ ಸಾರಜ್ಜಿಯ ಅಜ್ಜಿ. ನಿನಗೆ ಅವಳು ಗೊತ್ತಿರಬೇಕು: ಕಂಬಾರ ಓಣಿಯ ಮೂರನೆಯ ಸೊಸೆ ಫಕೀರವ್ವ, ಈಗ ಅವಳಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. ಮಾತಾಡಿದರೆ ನೆಲ ನೋಡುವ ಹುಡುಗಿ. ಅವಳ ಕೈ ಮುಟ್ಟಿದರೆ ನನ್ನದೂ ಒಂದು ಮುಟ್ಟಿದಂತೆ ಎಂದುಕೋ.

ಸಾರಜ್ಜಿ ಹೇಳಿದ ಕಥೆ ಇದು. ನೀನು ಸರಕಾರಿ ನರ್ಸು, ಬಸಿರಿ ಬಾಣಂತಿಯರ ಮನೆಮನೆಗೆ ಸ್ಕೂಟಿ ಮೇಲೆ ಹೋಗುವವಳು. ಫಕೀರವ್ವನಿಗೆ ಮೊದಲನೆಯದು ಹೆಣ್ಣು ಹುಟ್ಟಿತ್ತು. ಅತ್ತೆಯ ಮುಖ ಇಷ್ಟುದ್ದವಾಗಿತ್ತು. ಬಾಣಂತಿಗೆ ನೀರು ಜಾಸ್ತಿ ಕೊಟ್ಟರೆ ಹೊಟ್ಟೆ ಬರುತ್ತದೆ, ಉಣ್ಣಲು ಕೊಟ್ಟರೆ ಕೂಸಿಗೆ ಅಜೀರ್ಣ ಎಂದು ಒಂದೊಂದು ನೆವ. ನೀನು ಹೋಗಿ ನೋಡಿದಾಗ ಅವಳ ಕಣ್ಣಿನ ಒಳರೆಪ್ಪೆ ಸುಣ್ಣದಂತಿತ್ತಂತೆ. ಬೇರೆ ನರ್ಸಾಗಿದ್ದರೆ ಅತ್ತೆಗೆ ಬುದ್ಧಿ ಹೇಳಿ, ಗುಳಿಗೆ ಕೊಟ್ಟು ಎದ್ದು ಬರುತ್ತಿದ್ದಳು. ನೀನು ಹಾಗೆ ಮಾಡಲಿಲ್ಲ. ಪಡಸಾಲೆಯಲ್ಲಿ ಗಟ್ಟಿಯಾಗಿ ಚಕ್ಕಳಮಕ್ಕಳ ಹಾಕಿ ಕೂತೆ. ಮನೆಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ಅಲ್ಲಿಲ್ಲ. ಅತ್ತೆ ರೊಟ್ಟಿ ತಂದಿಟ್ಟಳು, ಝುಣಕ ತಂದಿಟ್ಟಳು. ನೀನು ಮುಟ್ಟಲಿಲ್ಲ.

‘ಯಾಕ್ರಿ ಸಿಸ್ಟರ್, ನಮ್ಮ ಮನ್ಯಾಗ ಉಣ್ಣಂಗಿಲ್ಲೇನು?’

‘ಅಯ್ಯ, ಉಣ್ಣಾಕ ನಾ ಎಂದ ಒಲ್ಲೆ ಅಂದೇನಿ? ಹೊಟ್ಟಿ ಹಸದು ಹಪಾಪಿ ಆಗೇತಿ. ಹಸದ ಬಾಣಂತಿ ಮುಂದ ಕುಂತು ನನಗ ತುತ್ತು ಇಳಿಯಂಗಿಲ್ಲವ್ವಾ. ಮೊದಲ ಆಕಿ ಉಣ್ಣಲಿ. ನಾ ಎಲ್ಲೂ ಹೋಗಂಗಿಲ್ಲ, ಇಲ್ಲೇ ಕುಂತೇನಿ.’

ಕೂತೇ ಇದ್ದೆಯಂತೆ. ಅಕ್ಕಪಕ್ಕದವರು ಇಣುಕಿ ನೋಡಲು ಶುರುಮಾಡಿದರು. ಕಂಬಾರರ ಮನೆಯಲ್ಲಿ ಸಿಸ್ಟರು ಹಸಿದುಕೊಂಡು ಕೂತಿದ್ದಾಳೆಂದು ಓಣಿಯೆಲ್ಲ ಸುದ್ದಿ. ಅತ್ತೆಗೆ ಮಾನ ಹೋಗುವ ಪ್ರಸಂಗ. ಕಡೆಗೆ ಫಕೀರವ್ವನ ಮುಂದೆ ತಟ್ಟೆ ಬಂತು, ಬಿಸಿ ರೊಟ್ಟಿ ಬಂತು, ತುಪ್ಪವೂ ಬಂತು. ಅವಳು ಮೊದಲ ತುತ್ತು ನುಂಗುವುದನ್ನು ನೋಡಿ ನೀನು ಕಣ್ಣು ಮುಚ್ಚಿ, ‘ಕರ್ತನೇ, ಈಕಿಗೆ ಕೊಟ್ಟಿ, ಈಗ ನನಗೂ ಕೊಡು’ ಎಂದು ಪ್ರಾರ್ಥನೆ ಮಾಡಿ, ಮೂರು ರೊಟ್ಟಿ ಉಂಡು, ಮೇಲೆ ಮಜ್ಜಿಗೆಯನ್ನೂ ಕೇಳಿದೆಯಂತೆ. ಮರುದಿನ ಮತ್ತೆ ಹೋದೆ. ಬಾಣಂತನ ಮುಗಿಯುವ ತನಕ ಹೋದೆ. ಆಮೇಲಾಮೇಲೆ ನಿನ್ನ ಸ್ಕೂಟಿ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಅತ್ತೆಯಂದಿರು ಸೊಸೆಯಂದಿರಿಗೆ ಗಡಬಡಿಸಿ ಉಣ್ಣಲು ಇಡುತ್ತಿದ್ದರಂತೆ. ಕೆಲವು ಮನೆಗಳಲ್ಲಿ ನಿನಗೆ ತಟ್ಟೆ ಕೊಡದೆ ಹೊಸ್ತಿಲ ಹೊರಗೆ ಎಲೆಯಲ್ಲಿ ನೀಡುತ್ತಿದ್ದರು, ನಿಮ್ಮ ಮನೆತನ ಯಾವ ಕೇರಿಯಿಂದ ಚರ್ಚಿಗೆ ಹೋಯಿತೆಂದು ಅವರು ಮರೆತಿರಲಿಲ್ಲ. ಅಲ್ಲಿಯೂ ನೀನು ಬಾಣಂತಿ ಉಂಡ ಮೇಲೆ ಉಂಡು, ಇನ್ನೊಂದು ರೊಟ್ಟಿ ಹಾಕ್ರಿ ಎಂದು ಕೇಳುತ್ತಿದ್ದೆ. ಆ ಎರಡನೆಯ ರೊಟ್ಟಿ ನೀಡುವಾಗ ಅವರು ನಿನ್ನ ಮುಖ ನೋಡುತ್ತಿರಲಿಲ್ಲ ಎಂದು ಫಕೀರಜ್ಜಿ ಹೇಳಿದ್ದಳಂತೆ. ಇದನ್ನು ಕೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ನಿನಗೆ ಬರುತ್ತಿತ್ತೋ ಇಲ್ಲವೋ, ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಮುಂದೆ ನಿನ್ನ ಬದುಕಿನಲ್ಲಿ ನಡೆಯುವುದನ್ನು ಹೇಳಬಾರದೆಂದು ಹಿಂದಂಚೆಯ ನಿಯಮವಿದೆ. ಒಂದಿಷ್ಟು ಮುರಿಯುತ್ತೇನೆ, ಏನು ಮಾಡುತ್ತಾರೆ, ನನಗೆ ಎಪ್ಪತ್ತೆರಡು. ನೌಕರಿ ಬಿಟ್ಟ ಮೇಲೆ ಜನ ನಿನ್ನನ್ನು ಪಂಚಾಯ್ತಿಗೆ ನಿಲ್ಲಿಸುತ್ತಾರೆ, ಗೆಲ್ಲಿಸುತ್ತಾರೆ. ಊರಿಗೆ ನಲ್ಲಿ ನೀರು ತರಲು ನೀನು ತಾಲೂಕು ಕಚೇರಿಗೆ ಹೋಗಿ, ಊಟದ ಹೊತ್ತಿಗೆ ಸಾಹೇಬರ ಎದುರು ನಿನ್ನ ಡಬ್ಬಿ ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕೂಡುತ್ತೀ. ನೀವು ಉಣ್ರಿ ಸಾಹೇಬ್ರ, ನಮ್ಮೂರಾಗ ಇನ್ನಾ ಕುಡಿಯಾಕ ನೀರ ಬಂದಿಲ್ಲ, ಬಂದ ಮ್ಯಾಲ ನಾ ಉಣ್ತೇನಿ ಎನ್ನುತ್ತೀ. ಅವರಿಗೆ ಚಪಾತಿ ಗಂಟಲಲ್ಲಿ ಸಿಗುತ್ತದೆ. ಆ ಕಥೆ ಹೇಳುವಾಗ ಸಾರಜ್ಜಿ ಸಾಹೇಬರ ಮುಖ ಮಾಡಿ ತೋರಿಸುತ್ತಿದ್ದಳು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನಲ್ಲಿಯಲ್ಲಿ ನೀರು ಬರುವ ದಿನ ನೀನು ಚರ್ಚಿನಲ್ಲಿ ಮೊಣಕಾಲೂರಿ ಅಳುತ್ತೀಯಂತೆ. ಅತ್ತು, ಮನೆಗೆ ಹೋಗಿ, ಕೋಳಿ ಸಾರು ಮಾಡಿ ಓಣಿಗೆಲ್ಲ ಬಡಿಸುತ್ತೀಯಂತೆ.

ನೋಡು ಅಜ್ಜಿ, ಎಷ್ಟು ಊಟ ನಿನ್ನ ಬದುಕಿನಲ್ಲಿ! ನಮ್ಮವರು ಅದನ್ನೆಲ್ಲ ಬಿಟ್ಟು ಹಸಿವೊಂದನ್ನೇ ಇಟ್ಟುಕೊಂಡರು. ನಿನ್ನ ಜೊತೆ ಉಂಡವರು ಒಬ್ಬೊಬ್ಬರೇ ಹೋದ ಮೇಲೆ, ‘ಎಸ್ತೇರವ್ವ ಬಾಣಂತಿಗಾಗಿ ಉಪವಾಸ ಕೂಡುತ್ತಿದ್ದಳು’ ಎಂಬ ಮಾತು ಉಳಿಯಿತು. ಯಾಕೆ ಕೂಡುತ್ತಿದ್ದಳು ಎಂಬುದು ಹೋಯಿತು. ನೀರು ಕಡಿಮೆಯಾದ ಕೆಟ್ಟ ವರ್ಷಗಳಲ್ಲಿ ಹೆಂಗಸರು ನಿನ್ನ ಹೆಸರು ಹೇಳಿ ಹೆರಿಗೆಯ ಮನೆಯ ಮುಂದೆ ಹಸಿದು ಕೂತರು. ಆಮೇಲೆ ಗಂಟೆ ಬಂತು. ಆಮೇಲೆ ಒಲೆ ಆರಿಸುವುದು ಬಂತು. ಒಲೆ ಆರಿದ ಮನೆಯಲ್ಲಿ ಹೆರುವವಳಿಗೆ ಏನು ಬೇಯಿಸುವುದು? ಅವಳೂ ಹಸಿದಳು. ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರೂ ನಿನ್ನ ಮೇಲಿನ ಪ್ರೀತಿಗೆ ಒಂದೊಂದು ಹೆಜ್ಜೆ ಮುಂದೆ ಹೋದರು, ಅಷ್ಟೇ. ನಾನು ಈ ಮಾತು ಎತ್ತಿದಾಗಲೆಲ್ಲ, ನಿಮ್ಮ ಸಾರಜ್ಜಿ ಹಾಸ್ಯ ಮಾಡುವವಳು, ಅವಳ ಮಾತು ಏನು ಹಿಡೀತಿ ಎಂದು ಬಾಯಿ ಮುಚ್ಚಿಸುತ್ತಾರೆ. ಒಬ್ಬಳ ಸಾಕ್ಷಿಗೆ ಬೆಲೆಯಿಲ್ಲ.

ಸೋನೆಯ ಅವ್ವ, ನನ್ನ ಸೊಸೆ ಮಾರ್ಥಾ, ಚೌಕದ ಗಂಟೆ ಹೊಡೆಯುವವಳು ಅವಳೇ. ನಿನ್ನೆ ತನ್ನ ಮಗಳಿಗಾಗಿ ತಾನೇ ಹೊಡೆದು ಬಂದಳು. ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ತಾನೂ ಉಂಡಿಲ್ಲ, ಕಣ್ಣಿನಲ್ಲಿ ನೀರು ನಿಲ್ಲುತ್ತಿಲ್ಲ. ಅವಳ ಮೇಲೆ ಕೂಗಾಡಲು ಹೋದವಳು ಅವಳ ಕಣ್ಣೊರೆಸಿ ಬಂದೆ. ಮಾರ್ಥಾಳನ್ನಾದರೂ ಒಪ್ಪಿಸಬಹುದಿತ್ತು. ಸೋನೆಯೇ ಒಪ್ಪುತ್ತಿಲ್ಲ. ‘ಎಲ್ಲಾರೂ ಹಿಡದಾರ ಅಜ್ಜಿ. ಫಕೀರಜ್ಜಿ ಮನಿತನದಾಕಿ ನಾನ ಉಂಡಬಿಟ್ಟರ ಹೆಂಗ? ನನ್ನ ಕೂಸಿಗೆ ಎಸ್ತೇರಜ್ಜಿ ಆಶೀರ್ವಾದ ಬ್ಯಾಡೇನು?’ ಎನ್ನುತ್ತಾಳೆ. ಹೇಳುವಾಗ ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತದೆ. ನಿನ್ನ ಮೇಲಿನ ಭಕ್ತಿಯಿಂದಲೇ ಹುಡುಗಿ ಸೋಲುತ್ತಿದ್ದಾಳೆ. ನಾನು ಏನು ಮಾಡಲಿ?

ಬೆಳಿಗ್ಗೆ ನಾನೊಂದು ಕೆಲಸ ಮಾಡಿದೆ. ಗಡಿಗೆಯಲ್ಲಿ ಜೋಳದ ಹಿಟ್ಟು ಕಲಸಿ, ಓಣಿಯಲ್ಲಿ ಒಂದೇ ಒಂದು ಒಲೆ ಹೊತ್ತಿಸಿದೆ. ಎಪ್ಪತ್ತು ದಾಟಿದವಳು ತನಗೆ ಬೇಯಿಸಿಕೊಂಡರೆ ಯಾರೂ ಕೇಳುವಂತಿಲ್ಲ. ಗಂಜಿ ಮಾಡಿ, ಉಪ್ಪು ಮಜ್ಜಿಗೆ ಹಾಕಿ, ಸೋನೆಯ ಮಗ್ಗುಲಲ್ಲಿ ತಂದಿಟ್ಟು ಕೂತೆ. ನನಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈಕಾಲು ನಡುಗುತ್ತವೆ, ಬೆವರುತ್ತೇನೆ. ದಿನಾ ಸೋನೆಯೇ ನನ್ನ ಬೆನ್ನು ಹತ್ತಿ ಉಣ್ಣಿಸುವವಳು. ಅಜ್ಜಿ ಉಣ್ಣು ಅಂದಳು. ನೀ ಉಣ್ಣು, ಆಮ್ಯಾಲ ನಾ ಉಣ್ತೇನಿ ಅಂದೆ. ಹಟ ಮಾಡಬ್ಯಾಡ, ನಿನಗ ಸಕ್ಕರಿ ಐತಿ ಅಂದಳು. ಐತಲ್ಲ, ಅದಕ್ಕ ಜಲ್ದಿ ಉಣ್ಣು ಅಂದೆ. ಅಳುತ್ತ ಗೋಡೆಯ ಕಡೆ ಮುಖ ತಿರುಗಿಸಿದಳು. ಆಗಿನಿಂದ ಮೂರು ಸಲ ಗಂಜಿ ಬಿಸಿ ಮಾಡಿದ್ದೇನೆ. ನನ್ನ ಅಕ್ಷರ ಡೊಂಕಾಗುತ್ತಿರುವುದು ಅದಕ್ಕೇ. ಪಡಸಾಲೆಗೆ ಬಂದು ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಹೊಟ್ಟೆಗೆ ಹಾಕದೆ ಕೂತವಳು ಕೈಗಾದರೂ ಏನಾದರೂ ಕೊಡಬೇಕಲ್ಲ.

ಹಸಿದು ಕೂತಾಗ ನೀನು ಏನು ಯೋಚಿಸುತ್ತಿದ್ದೆ? ಹೆದರಿಕೆ ಆಗುತ್ತಿತ್ತೇ? ಆ ಅತ್ತೆ ಮಾನಕ್ಕೆ ಬೆಲೆ ಕೊಡದೆ, ಹಸಿದುಕೊಂಡೇ ಸಾಯಿ ಎಂದು ಎದ್ದು ಹೋಗಿದ್ದರೆ? ದೇವರು ಆಗ ನಿನ್ನ ಪಕ್ಕದಲ್ಲಿ ಬಂದು ಕೂಡುತ್ತಿದ್ದನೇ, ಇಲ್ಲ ನನಗೆ ಆಗುತ್ತಿರುವ ಹಾಗೆ ಬರೀ ಹೊಟ್ಟೆಯ ಗುರುಗುರು ಕೇಳಿಸುತ್ತಿತ್ತೇ? ಕೇಳಲು ಬೇರೆ ಯಾರಿದ್ದಾರೆ ನನಗೆ? ಎಪ್ಪತ್ತೆರಡು ವರ್ಷ ನಿನ್ನ ಹೆಸರಿನ ನೆರಳಲ್ಲಿ ಬದುಕಿದೆ, ನಿನ್ನ ದನಿ ಒಂದು ಸಲವೂ ಕೇಳಲಿಲ್ಲ. ಆ ಚಿತ್ರದ ಕೆಳಗೆ ಎಷ್ಟು ಸಲ ನಿಂತು, ಈ ಬತ್ತಿದವಳನ್ನು ಸರಿಸಿ ನೀನು ಬರಬಾರದೇ ಎಂದು ಬೇಡಿದ್ದೇನೋ ಲೆಕ್ಕವಿಲ್ಲ. ಇವತ್ತು ನೀನು ಬೇಕು ಅಜ್ಜಿ. ದಪ್ಪಗೆ, ಬೆವರಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಈ ಬಾಗಿಲಲ್ಲಿ ಬಗ್ಗಿ ಒಳಗೆ ಬರಬೇಕು. ಬಂದು, ಏನವಾ ಇದು ಹುಚ್ಚಾಟ ಎಂದು ಎಲ್ಲರನ್ನೂ ಒಂದೇ ಉಸಿರಿಗೆ ಬೈಯಬೇಕು.

ನನ್ನದೊಂದೇ ಬೇಡಿಕೆ. ನಿನ್ನ ಜಾಣತನವನ್ನು ನಿನ್ನ ಹತ್ತಿರವೇ ಇಟ್ಟುಕೊಳ್ಳಬೇಡ. ಬೇಕೆಂದೇ ಹಸಿದು ಕೂಡುತ್ತೇನೆಂದು ಅತ್ತೆಯಂದಿರಿಗೆ ಹೇಳಿದರೆ ಉಪಾಯ ಕೆಡುತ್ತದೆ, ಅದು ನನಗೆ ಅರ್ಥವಾಗುತ್ತದೆ. ಬಾಣಂತಿಯರಿಗೆ ಹೇಳು. ತುತ್ತು ನುಂಗುವಾಗ ಕಿವಿಯಲ್ಲಿ ಹೇಳು: ನಾ ಹಸದು ಕುಂತದ್ದು ನೀ ಉಣ್ಣಲಿ ಅಂತ, ನನ್ನ ಹಂಗ ಹಸೀ ಅಂತ ಅಲ್ಲ. ಫಕೀರವ್ವ ಒಬ್ಬಳಿಗೆ ಅದು ವಯಸ್ಸಾದ ಮೇಲೆ ತಾನಾಗಿಯೇ ಹೊಳೆಯಿತು, ಒಬ್ಬಳ ಮಾತು ಉಳಿಯಲಿಲ್ಲ. ಊರಿನ ಅಷ್ಟೂ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ಹೇಳಿದರೆ ಯಾವ ಗಂಟೆಗೂ ಅಳಿಸಲಾಗುವುದಿಲ್ಲ. ಆಮೇಲೆ, ಫೋಟೊ ತೆಗೆಯಲು ಯಾರಾದರೂ ಬಂದರೆ, ಮೊದಲು ಉಂಡು ಬಾ. ಕೈಯಲ್ಲಿ ರೊಟ್ಟಿ ಹಿಡಿದೇ ತೆಗೆಸಿಕೋ. ನೀನು ನಗುತ್ತಿರುವುದು ಕಾಣಲಿ.

ನೀನು ಹಾಗೆ ಮಾಡಿದರೂ ನನಗೆ ತಿಳಿಯುವುದಿಲ್ಲ. ಮಾಡಿದರೆ ಈ ಕಾಗದ ಬರೆಯುವ ತಬಿತಾಳೇ ಇರಲಿಕ್ಕಿಲ್ಲ, ಅವಳ ಬದಲು ಎಲ್ಲೋ ಒಬ್ಬ ತಬಿತಾ ಮರಿಮಗುವಿಗೆ ಎಣ್ಣೆ ಹಚ್ಚುತ್ತ ಕೂತಿರಬಹುದು. ಅವಳ ಮೇಲೆ ಈಗಲೇ ಹೊಟ್ಟೆಕಿಚ್ಚಾಗುತ್ತಿದೆ.

ತಡಿ. ಒಳಗೆ ಏನೋ ಸದ್ದು.

ಮಾರ್ಥಾ ಬಾಗಿಲಿಗೆ ಬಂದು ನಿಂತಿದ್ದಾಳೆ. ಒಲೆಯ ಕಡೆ ನೋಡುತ್ತಿದ್ದಾಳೆ. ಅವಳ ಹಿಂದಿನಿಂದ ಸೋನೆಯ ದನಿ, ಸಿಟ್ಟಿನ ದನಿ: ‘ಆ ಮುದುಕಿ ನಡುಗಿ ನಡುಗಿ ಬಿದ್ದ ಹೋಗ್ತಾಳ ಅವ್ವಾ. ತಟ್ಟಿ ತರಾಕ ಹೇಳು. ಎರಡು ತರಲಿ.’

ಕಾಗದ ಇಲ್ಲಿಗೇ ಬಿಡುತ್ತೇನೆ ಎಸ್ತೇರಜ್ಜಿ. ಗಂಜಿ ಆರಿದರೆ ಹುಡುಗಿ ಮನಸ್ಸು ಬದಲಿಸಿಯಾಳು.